ಮುಖಕ್ಕೆ ದರ ಕಟ್ಟಿದ ಕಾನೂನು

ಎಲ್ಲರಿಗೂ ನಮಸ್ಕಾರ. ಹಳೇ ಸಾಲ ತೀರಿಸದವನು ಮತ್ತೆ ಕೈ ಚಾಚಿದರೆ ನಾವು ಏನು ಕೇಳುತ್ತೇವೆ? "ಯಾವ ಮುಖ ಇಟ್ಕೊಂಡು ಬಂದೆ?" ಅಂತ, ಅಲ್ವಾ? 7-8ನೇ ಶತಮಾನದ ಐರ್ಲೆಂಡಿನಲ್ಲಿ ಆ ಮುಖಕ್ಕೆ ದರವೇ ಇತ್ತು. ಸುಮ್ನೆ ಮಾತಿಗೆ ಹೇಳುತ್ತಿಲ್ಲ. ಅವರ ಕಾನೂನಿನಲ್ಲಿ ಅದಕ್ಕೆ 'ಲೋಗ್ ಎನೆಖ್' ಎಂಬ ಹೆಸರೇ ಇದೆ. ಪದಕ್ಕೆ ಪದ ಇಟ್ಟರೆ 'ಮುಖದ ಬೆಲೆ'.

ಲೆಕ್ಕವೆಲ್ಲ ಹಸುಗಳಲ್ಲಿ. ಗಟ್ಟಿ ಕುಳ ಎನ್ನಬಹುದಾದ ರೈತನ ಮುಖಕ್ಕೆ ಎರಡೂವರೆ ಹಸು. ಅರ್ಧ ಹಸು ಎಲ್ಲಿಂದ ಬಂತು ಎಂದು ಕೇಳಬೇಡಿ. ಒಂದು ಪಡ್ಡೆ ಕರು ಎಂದರೆ ಅರ್ಧ ಹಸು. ಒಂದು ಚಿಕ್ಕ ಸೀಮೆಯ ರಾಜನಿಗೆ ಸುಮಾರು 21 ಹಸು. ನಿಮ್ಮನ್ನು ಯಾರಾದರೂ ಅವಮಾನ ಮಾಡಿದರೆ, ಸುಳ್ಳು ಅಪವಾದ ಹೊರಿಸಿದರೆ, ನಿಮ್ಮ ಆಶ್ರಯದಲ್ಲಿ ಇದ್ದವನನ್ನು ಹೊಡೆದರೆ, ಇಷ್ಟು ತೆರಬೇಕು. ಅಷ್ಟೇ ಅಲ್ಲ. ನಿಮ್ಮ ಮುಖದ ಬೆಲೆಗಿಂತ ದೊಡ್ಡ ವ್ಯವಹಾರಕ್ಕೆ ನೀವು ಜಾಮೀನು ನಿಲ್ಲುವ ಹಾಗಿಲ್ಲ. ಸಾಕ್ಷಿ ಹೇಳಿದರೂ ನಿಮಗಿಂತ ಜಾಸ್ತಿ ಬೆಲೆಯವನ ಮಾತೇ ಮೇಲು. ಇದು ಬಡವನಿಗೆ ನ್ಯಾಯವೇ ಎಂದರೆ, ಅಲ್ಲ.

ಆದರೆ ರಾಜನ ಬೆಲೆಯೂ ಇಳಿಯುತ್ತಿತ್ತು. ಅವನ ಕೈಯಲ್ಲಿ ಕೊಡಲಿಯೋ ಸಲಿಕೆಯೋ ಕೊಡತಿಯೋ ಕಂಡರೆ ಅವನು ಸಾಮಾನ್ಯ ರೈತನ ದರಕ್ಕೆ ಬಂದ. ಯುದ್ಧದಲ್ಲಿ ಓಡುವಾಗ ಬೆನ್ನಿಗೆ ಗಾಯವಾದರೂ ಅದೇ ಗತಿ.

ಈ ಕಾನೂನನ್ನು ಜಾರಿ ಮಾಡಲು ಪೊಲೀಸರಿರಲಿಲ್ಲ, ಜೈಲೂ ಇರಲಿಲ್ಲ. 'ಬ್ರೆಹನ್' ಎಂದು ಕರೆಯುವ ನ್ಯಾಯಗಾರ ತೀರ್ಪು ಹೇಳುತ್ತಿದ್ದ. ವಸೂಲಿ ಮಾಡಿಕೊಡುವವರು ಜಾಮೀನುದಾರರು ಮತ್ತು ನೆಂಟರು. ಕೊಂದವನು ದಂಡ ಕಟ್ಟದಿದ್ದರೆ ಅದು ಅವನ ದಾಯಾದಿಗಳ ತಲೆಗೆ. ಬ್ರೆಹನ್‌ನೇ ಪಕ್ಷಪಾತ ಮಾಡಿದರೆ? ಶೆಂಖ ಎಂಬ ನ್ಯಾಯಗಾರ ಹೆಂಗಸರ ಹಕ್ಕಿನ ವಿಷಯದಲ್ಲಿ ತಪ್ಪು ತೀರ್ಪು ಕೊಟ್ಟ, ಕೂಡಲೇ ಕೆನ್ನೆಯ ಮೇಲೆ ಬೊಕ್ಕೆ ಎದ್ದವು ಎಂದು ಒಂದು ಕತೆ. ಬ್ರೀಗ್ ಎಂಬ ಹೆಣ್ಣುಮಗಳು ತೀರ್ಪು ತಿದ್ದಿದ ಮೇಲೆ ಬೊಕ್ಕೆ ಮಾಯವಾದವು. ನೋಡಿ, ಇಲ್ಲೂ ಪೆಟ್ಟು ಬಿದ್ದದ್ದು ಮುಖಕ್ಕೇ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಸಾಮಾನ್ಯ ಮನುಷ್ಯ ಬಾಕಿ ಕೊಡದಿದ್ದರೆ ಮೊದಲೇ ತಿಳಿಸಿ, ಗಡುವು ಕೊಟ್ಟು, ಆಮೇಲೆ ಅವನ ದನ ಹೊಡೆದುಕೊಂಡು ಬಂದು ದೊಡ್ಡಿಗೆ ಕೂಡಬಹುದಿತ್ತು. ಆದರೆ ಬಾಕಿದಾರ ರಾಜನೋ, ಪಾದ್ರಿಯೋ, ದೊಡ್ಡ ಕವಿಯೋ ಆಗಿದ್ದರೆ? ಅವನ ದನ ಮುಟ್ಟುವ ಮೊದಲು ಅವನ ಮನೆ ಬಾಗಿಲಲ್ಲಿ ಉಪವಾಸ ಕೂರಬೇಕು. ಒಳಗಿದ್ದವನು ಜಾಮೀನೋ ಅಡವೋ ಕೊಡಬೇಕು. ಏನೂ ಕೊಡದೆ ಒಳಗೆ ಊಟ ಮಾಡಿದನೋ, ಬಾಕಿ ಎರಡು ಪಟ್ಟು. ಉಪವಾಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳದವನಿಗೆ ಮುಂದೆ ಯಾರೂ ಏನೂ ಕೊಡಬೇಕಾಗಿಲ್ಲ, ದೇವರೂ ಸೇರಿ. ಅದೇ ರೀತಿ, ಅವನು ನ್ಯಾಯವಾಗಿ ಕೊಡಲು ಬಂದ ಮೇಲೂ ಹಟ ಹಿಡಿದು ಕೂತರೆ ಕೂತವನ ಹಕ್ಕೇ ಹೋಯಿತು.

ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಧರಣಿ! ನಮ್ಮ ದೇಶದಲ್ಲೂ ಸಾಲ ಕೊಟ್ಟವರು ಬಾಗಿಲಲ್ಲಿ ಅನ್ನ ಬಿಟ್ಟು ಕೂರುತ್ತಿದ್ದರು. 1860ರ ದಂಡ ಸಂಹಿತೆಯ 508ನೇ ಕಲಮಿನಲ್ಲಿ ಈ ಧರಣಿಯನ್ನೇ ಉದಾಹರಣೆ ಕೊಟ್ಟು ಅಪರಾಧ ಎಂದಿದ್ದಾರೆ. ಆಮೇಲೆ ವೈಸ್‌ರಾಯ್ ಮಂಡಲಿಯಲ್ಲಿ ಕಾನೂನು ಸದಸ್ಯನಾಗಿ ಬಂದ ಹೆನ್ರಿ ಮೇನ್, ಊರಿಗೆ ಮರಳಿ ಐರಿಷ್ ಕಾನೂನು ಓದುವಾಗ ಇದನ್ನು ಗುರುತಿಸಿದ. 1875ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆದ.

ಗಾಯ ಮಾಡಿದವನ ಪಾಡು ಇನ್ನೂ ಸೊಗಸು. ಒಂಬತ್ತು ದಿನ ಕಾದು, ಹತ್ತನೇ ದಿನ ವೈದ್ಯ ನೋಡುತ್ತಾನೆ. ಆರೈಕೆ ಬೇಕು ಎಂದರೆ ಗಾಯಾಳುವನ್ನು ಮೂರನೆಯವರ ಮನೆಯಲ್ಲಿ ಇಟ್ಟು ನೋಡಿಕೊಳ್ಳಬೇಕು. ಖರ್ಚೆಲ್ಲ ಹೊಡೆದವನದು. ಗಾಯಾಳುವಿನ ಹೊಲದ ಕೆಲಸಕ್ಕೆ ಬದಲಿ ಆಳನ್ನೂ ಅವನೇ ಕೊಡಬೇಕು. ಆ ಮನೆಯಲ್ಲಿ ಆಟದ ಗಲಾಟೆ ಇಲ್ಲ, ಮಕ್ಕಳಿಗೆ ಹೊಡೆಯುವಂತಿಲ್ಲ, ನಾಯಿ ಜಗಳ ಬಿಡುವಂತಿಲ್ಲ. ಹಾಸಿಗೆ ಹಿಡಿದವನಿಗೆ ಏನೇನು ಕಿರಿಕಿರಿ ಎಂದು ಯಾರೋ ಕೂತು ಯೋಚಿಸಿದ್ದಾರೆ! ಆಮೇಲಾಮೇಲೆ ದುಡ್ಡು ಕಟ್ಟಿ ಕೈತೊಳೆದುಕೊಳ್ಳುವ ಪದ್ಧತಿ ಬಂತು, ಬಿಡಿ.

ಇಷ್ಟೆಲ್ಲ ಕೇಳಿ ಅದು ಸತ್ಯಯುಗ ಅಂದುಕೊಳ್ಳಬೇಡಿ. ರಾಜನ ಬೆಲೆ 21 ಹಸು ಎಂದೆ. ಅವರ ಪುಸ್ತಕದಲ್ಲಿ ಅದು 7 'ಕುಮಲ್'. ಕುಮಲ್ ಎಂದರೆ ದಾಸಿ, ಗುಲಾಮ ಹೆಂಗಸು. ಅವಳು ಲೆಕ್ಕದ ನಾಣ್ಯ. ಅವಳ ಮುಖಕ್ಕೆ ಬೆಲೆ ಇಲ್ಲ, ಅವಳಿಗೆ ಏನಾದರೂ ಆದರೆ ಪರಿಹಾರ ಯಜಮಾನನಿಗೆ. ಹೆಂಗಸು ಹುಡುಗಿಯಾಗಿದ್ದಾಗ ಅಪ್ಪನ ಕೈಯಲ್ಲಿ, ಆಮೇಲೆ ಗಂಡನ ಕೈಯಲ್ಲಿ, ವಿಧವೆಯಾದರೆ ಮಕ್ಕಳ ಕೈಯಲ್ಲಿ ಎನ್ನುವ ಸಾಲೂ ಅಲ್ಲಿದೆ. ಮನುಸ್ಮೃತಿ ಓದಿದವರಿಗೆ ಬೇರೆ ಹೇಳಬೇಕೇ? ಆದರೂ ಗಂಡ ಹೆಂಡತಿಯನ್ನು ಕಲೆ ಉಳಿಯುವ ಹಾಗೆ ಹೊಡೆದರೆ, ಅಥವಾ ಊರು ನಗುವ ಹಾಗೆ ಆಡಿಕೊಂಡರೆ, ಅವಳು ಬಿಟ್ಟು ಹೋಗಬಹುದಿತ್ತು.

1600ರ ನಂತರ ಇಂಗ್ಲಿಷ್ ನ್ಯಾಯಾಲಯಗಳು ಈ ಪದ್ಧತಿಯನ್ನು ಒಂದೊಂದಾಗಿ ಹೊಡೆದು ಹಾಕಿದವು. ಅಲ್ಲಿಯವರೆಗೆ ಇದನ್ನು ಉಳಿಸಿದ್ದು ಕೆಲವು ಮನೆತನಗಳು. ಅಪ್ಪ ಬ್ರೆಹನ್, ಮಗ ಬ್ರೆಹನ್, ಮನೆಯೇ ಪಾಠಶಾಲೆ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಅಂಥ ಮನೆಯ ಒಂದು ಕಾನೂನು ಹಸ್ತಪ್ರತಿ ಇದೆ. ಇಸವಿ 1350, ಕ್ರಿಸ್ಮಸ್ ಹಿಂದಿನ ರಾತ್ರಿ. ಊರಿಗೆ ಪ್ಲೇಗ್ ಬಂದಿದೆ. ಮ್ಯಾಕ್ ಈಗನ್ ಮನೆಯ 'ಏ' ಎಂಬ ಹೆಸರಿನ ಹುಡುಗ ಅಪ್ಪನ ಪುಸ್ತಕದ ಅಂಚಿನಲ್ಲಿ ಬರೆಯುತ್ತಾನೆ: ಈ ಮಾರಿ ನನ್ನನ್ನೂ ನನ್ನ ಗೆಳೆಯರನ್ನೂ ದಾಟಿ ಹೋಗಲಿ, ಓದಿದವರು ನನಗಾಗಿ ಒಂದು ಪ್ರಾರ್ಥನೆ ಹೇಳಿ.

ಅದರ ಹತ್ತಿರವೇ ಇನ್ನೊಂದು ಸಾಲಿದೆ, ಅದೇ ಕೈಬರಹ. ಆ ಮಾತು ಬರೆದು ಇವತ್ತಿಗೆ ಒಂದು ವರ್ಷವಾಯಿತು ಎಂದು.