ತುರುವೇಕೆರೆಯಿಂದ ನಿಮ್ಹಾನ್ಸ್ ಎಷ್ಟು ದೂರ?

[ದೃಶ್ಯ: ತುರುವೇಕೆರೆ ಬಸ್ ನಿಲ್ದಾಣ. ಇನ್ನೂ ಬೆಳಕು ಹರಿದಿಲ್ಲ.]

ನಮಸ್ಕಾರ. ಮ್ಯಾಪ್ ತೆಗೆದು ನೋಡಿದರೆ ಇಲ್ಲಿಂದ ನಿಮ್ಹಾನ್ಸ್ ನೂರು ಕಿಲೋಮೀಟರ್ ಮೇಲಿದೆ, ಅಷ್ಟೇ. ಆದರೆ ಮನೆಯಲ್ಲಿ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇರುವ ಮಗ ಇದ್ದಾನೆ ಅಂದುಕೊಳ್ಳಿ. ಯಾರೋ ತನ್ನ ಬೆನ್ನು ಹತ್ತಿದ್ದಾರೆ ಅಂತ ಅವನಿಗೆ ಭಯ. ಅಂಥವನನ್ನು ತುಂಬಿದ ಬಸ್ಸಿಗೆ ಹತ್ತಿಸಬೇಕು. "ನನಗೇನಾಗಿದೆ, ನಾನ್ಯಾಕೆ ಬರಲಿ?" ಅಂತಾನೆ. ಜೊತೆಗೆ ಇಬ್ಬರಾದರೂ ಬೇಕು. ಇಬ್ಬರ ಕೂಲಿಯೂ ಹೋಯಿತು. ಮೂರನೇ ಸಲಕ್ಕೆ "ಈಗ ಚೆನ್ನಾಗೇ ಇದ್ದಾನಲ್ಲ" ಅಂತ ಮನೆಯವರು ಸುಮ್ಮನಾಗುತ್ತಾರೆ. ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮತ್ತೆ ಕೆರಳುತ್ತದೆ. ಆಮೇಲೆ ಬೈಸಿಕೊಳ್ಳುವವರೂ ಅವರೇ.

[ದೃಶ್ಯ: ಹಳೆಯ ಆಸ್ಪತ್ರೆಯ ಎತ್ತರದ ಗೋಡೆಯ ಚಿತ್ರ.]

ಇಟಲಿಯಲ್ಲಿ 1978ರಲ್ಲಿ ಕಾನೂನು ತಂದು ಮಾನಸಿಕ ಆಸ್ಪತ್ರೆಗಳನ್ನು ಮುಚ್ಚಿ ರೋಗಿಗಳನ್ನು ಊರಿಗೆ ಕಳಿಸಲು ಹೊರಟರು. ನಮ್ಮ ಕಥೆಯೇ ಬೇರೆ. ಇಲ್ಲಿ ಖಾಲಿ ಮಾಡೋಕೆ ಅಷ್ಟು ಹಾಸಿಗೆ ಎಲ್ಲಿತ್ತು? ಇಡೀ ಕರ್ನಾಟಕಕ್ಕೆ ಬೆಂಗಳೂರು, ಧಾರವಾಡದ ಎರಡು ದೊಡ್ಡ ಆಸ್ಪತ್ರೆಗಳು. ಉಳಿದವರೆಲ್ಲ ಮನೆಯಲ್ಲೇ, ಇಲ್ಲವೇ ದೇವಸ್ಥಾನ ದರ್ಗಾಗಳ ಅಂಗಳದಲ್ಲಿ. ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಬಳಿ ರೋಗಿಗಳನ್ನು ಇಟ್ಟಿದ್ದ ಮನೆಗೆ 2001ರಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿದ್ದ 28 ಜನ ಸತ್ತರು. ಓಡಿಹೋಗಲೂ ಆಗಲಿಲ್ಲ. ಹಾಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಅಂದರೆ ನಮ್ಮಲ್ಲಿ ರೋಗಿ ಆಸ್ಪತ್ರೆಯಿಂದ ಊರಿಗೆ ಬರಬೇಕಿರಲಿಲ್ಲ. ಔಷಧಿ ಊರಿಗೆ ಬರಬೇಕಿತ್ತು.

ಅದನ್ನು ನಿಮ್ಹಾನ್ಸ್ 1970ರ ದಶಕದಲ್ಲೇ ಶುರು ಮಾಡಿತು. ಬೆಂಗಳೂರಿನಾಚೆ ಸಕಲವಾರದಲ್ಲಿ ಹಳ್ಳಿ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಕಾಯಿಲೆ ಗುರುತಿಸುವುದನ್ನು ಕಲಿಸಿದರು. 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದರು. ಅದೇ ಮಾದರಿ ಹಿಡಿದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ದಾರಿ ತೋರಿಸಿದ್ದು ನಮ್ಮ ಬಳ್ಳಾರಿ, ಅದನ್ನು ನಾವೇ ಜಾಸ್ತಿ ಹೇಳಿಕೊಳ್ಳಲ್ಲ, ಅಲ್ವಾ?

[ದೃಶ್ಯ: ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗ, ಚೀಟಿಯ ಸಾಲು.]

ನಮ್ಮ ತುಮಕೂರು ಜಿಲ್ಲೆಗೂ ಇದರಲ್ಲಿ ಪಾಲಿದೆ. ಮಧುಗಿರಿಗೆ ನಿಮ್ಹಾನ್ಸ್ ತಂಡ ಬಂದು ಕ್ಲಿನಿಕ್ ನಡೆಸುತ್ತಿತ್ತು. ತುರುವೇಕೆರೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಇಲ್ಲೇ ಚಿಕಿತ್ಸೆ ಕೊಟ್ಟರು. ಬರದಿದ್ದವರಿಗೆ ಫೋನ್, ಆಗಲೂ ಬರದಿದ್ದರೆ ಮನೆಗೇ ಹೋದರು. ಔಷಧಿಯೇನೂ ಹೊಸ ಪವಾಡವಲ್ಲ, ಹಳೆಯ ಅಗ್ಗದ ಮಾತ್ರೆಗಳೇ ಸುಮಾರು ಜನಕ್ಕೆ ಸಾಕು. ದಿನಾ ಮಾತ್ರೆ ನುಂಗಲು ಒಲ್ಲದವರಿಗೆ ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಅದು ಸ್ನಾಯುವಿನಲ್ಲಿ ಉಳಿದು ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಹಾಕಲು ತಾಲ್ಲೂಕು ಆಸ್ಪತ್ರೆಯ ನರ್ಸ್ ಸಾಕು.

ವಾಸಿಯಾಗಿದೆ ಅಂತ ಗೊತ್ತಾಗುವುದು ಹೇಗೆ? ಒಂದು ದಿನ ತಾನೇ ಸ್ನಾನ ಮಾಡುತ್ತಾನೆ. ಆಮೇಲೆ ಕಾಯಿ ಸುಲಿಯೋಕೆ ಕೂರುತ್ತಾನೆ. ಸಂತೆಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತಾನೆ. ಯಾವ ಸ್ಕ್ಯಾನೂ ಇದನ್ನು ತೋರಿಸಲ್ಲ.

ಇಲ್ಲಿ ನನ್ನದೊಂದು ತಕರಾರಿದೆ. 'ಸಮುದಾಯ ಆರೈಕೆ' ಅಂತ ಕೇಳೋಕೆ ಚೆಂದ. ಆದರೆ ಮನೆಯೊಳಗೆ ಇಣುಕಿದರೆ ಆ ಸಮುದಾಯ ಅಂದರೆ ಎಷ್ಟೋ ಸಲ ಅರವತ್ತು ದಾಟಿದ ಒಬ್ಬ ತಾಯಿ. ಮಾತ್ರೆ ಎಣಿಸುವವಳು, ಊರಿನ ಮಾತು ಕೇಳುವವಳು, "ನನ್ನ ನಂತರ ಯಾರು?" ಅಂತ ರಾತ್ರಿ ಎದ್ದು ಕೂರುವವಳು ಅವಳೇ. ಹಾಗಾಗಿ ಔಷಧಿ ಹತ್ತಿರ ಬಂದರೆ ಅರ್ಧ ಕೆಲಸವಾಯಿತು. ಹಗಲು ಹೊತ್ತು ಆರೈಕೆ ಮಾಡುವ ಕೇಂದ್ರ, ಪಿಂಚಣಿ, ವಾಸಿಯಾದವರಿಗೆ ಕೆಲಸ, ಇವೆಲ್ಲ ಎಲ್ಲರಿಗೂ ಸಿಗುವುದು ಇನ್ನೂ ಬಾಕಿ.

[ದೃಶ್ಯ: ಪರದೆಯ ಮೇಲೆ ದೊಡ್ಡದಾಗಿ 14416.]

ಇದು ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇನ್ನು ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ. ನಿಮ್ಮೂರಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ. ಹೋಗುವಾಗ ಹಳೆ ಚೀಟಿ ಜೊತೆಗೆ ಖಾಲಿಯಾದ ಮಾತ್ರೆ ಸ್ಟ್ರಿಪ್ಪನ್ನೂ ಚೀಲಕ್ಕೆ ಹಾಕಿಕೊಳ್ಳಿ.