ತಾಂಬೂಲದ ಚೀಲದಲ್ಲಿ ಒಂದು ಸ್ವೆಟರ್

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಅಟ್ಟದ ಮೇಲೆ ಒಂದು ಹಳೆಯ ಟ್ರಂಕು ಇದೆ. ಹೋದ ವರ್ಷ ಗೌರಿ ಹಬ್ಬಕ್ಕೆ ಮನೆ ಒಪ್ಪ ಮಾಡುವಾಗ ಅದನ್ನು ಕೆಳಗಿಳಿಸಿದೆ. ಒಳಗೆ ಆರು ಅರ್ಧಂಬರ್ಧ ಹೆಣಿಗೆಗಳು. ಒಂದೇ ತೋಳು ಆದ ಸ್ವೆಟರ್, ಒಂಟಿ ಕಾಲುಚೀಲ, ಗೇಣುದ್ದದ ಮಫ್ಲರ್ ತುಂಡು, ಇನ್ನೂ ಏನೇನೋ. ಅಕ್ಕನ ಮಗಳು ಹುಟ್ಟಿದಾಗ ಶುರು ಮಾಡಿದ ಒಂದು ಕುಲಾವಿಯೂ ಇತ್ತು. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆ ಮಗು ಈಗ ಕಾಲೇಜಿಗೆ ಹೋಗುತ್ತಿದ್ದಾಳೆ.

ಸ್ವೆಟರನ್ನಾದರೂ ಮುಗಿಸೋಣ ಅಂತ ಕೈಗೆ ತೆಗೆದುಕೊಂಡೆ. ಆಗಲಿಲ್ಲ. ಯಾವ ನಂಬರಿನ ಕಡ್ಡಿಯಲ್ಲಿ ಹಾಕಿದ್ದೆ, ಡಿಸೈನಿನ ಎಷ್ಟನೇ ಸಾಲಿನಲ್ಲಿದ್ದೆ, ತೋಳು ಎಷ್ಟುದ್ದ ಬರಬೇಕಿತ್ತು, ಒಂದೂ ನೆನಪಿಗೆ ಬರಲಿಲ್ಲ. ಎಲ್ಲೂ ಬರೆದಿಟ್ಟಿರಲಿಲ್ಲ. ಹೆಣಿಗೆ ಮಧ್ಯದಲ್ಲಿ ನಿಲ್ಲುವುದು ಎಲ್ಲರ ಮನೆಯಲ್ಲೂ ಇರುವುದೇ. ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಮಕ್ಕಳ ಪರೀಕ್ಷೆ ಬರುತ್ತದೆ. ಆದರೆ ಮೂರು ವಾರ ಬಿಟ್ಟು ಮತ್ತೆ ಎತ್ತಿಕೊಂಡಾಗ ಎಲ್ಲಿದ್ದೇವೆ ಅಂತ ಗೊತ್ತಾಗದಿದ್ದರೆ, ಅದು ಟ್ರಂಕು ಸೇರುತ್ತದೆ. ಆ ದಿನದಿಂದ ನಾನು ಯೋಚಿಸುತ್ತಿರುವುದೆಲ್ಲ ಇದನ್ನೇ: ಬಿಟ್ಟ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳುವುದು ಸುಲಭವಾಗಬೇಕು.

ಅದಕ್ಕೆ ಮೊದಲು ಬೇಕಾದದ್ದು ಒಂದು ನೂರು ಪುಟದ ನೋಟ್‌ಬುಕ್ಕು. ಉಲ್ಲನ್ ತರುವ ಮೊದಲೇ ಅದರಲ್ಲಿ ಬರೆಯಿರಿ. ಯಾರಿಗೆ, ಏನು, ಯಾವಾಗ ಬೇಕು. ನಮ್ಮ ಬೆಂಗಳೂರಿನ ಚಳಿಯನ್ನೂ ನೆನಪಿಟ್ಟುಕೊಳ್ಳಿ. 1884ರ ಜನವರಿಯಲ್ಲಿ ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು ಅಂತ ದಾಖಲೆ ಇದೆ. ಈಗ ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15, 16 ಡಿಗ್ರಿ. ಬೆಳಿಗ್ಗೆ ಹತ್ತಕ್ಕೆ ಬಿಸಿಲು ಬಂದರೆ ದಪ್ಪ ಉಣ್ಣೆಯ ತುಂಬು ತೋಳಿನ ಸ್ವೆಟರ್ ಮೈಮೇಲೆ ನಿಲ್ಲುವುದಿಲ್ಲ. ತೋಳಿಲ್ಲದ ತೆಳು ಸ್ವೆಟರ್, ಮಫ್ಲರ್, ಕುಲಾವಿ, ಇವು ನಮ್ಮೂರಿಗೆ ಹೊಂದುತ್ತವೆ. ಬೇಗ ಮುಗಿಯುತ್ತವೆ ಕೂಡ.

ನಮ್ಮ ತಂದೆಯವರು ಧನುರ್ಮಾಸದಲ್ಲಿ ನಸುಕಿಗೇ ದೇವಸ್ಥಾನಕ್ಕೆ ಹೋಗುತ್ತಾರೆ. ಅವರಿಗೆ ಒಂದು ತೋಳಿಲ್ಲದ ಸ್ವೆಟರ್ ಹಾಕಬೇಕು ಅಂತ ಈ ಸಲ ಲೆಕ್ಕ ಮಾಡಿದೆ. ಆ ಲೆಕ್ಕವನ್ನು ನಿಮಗೂ ಹೇಳುತ್ತೇನೆ, ಕೈಯಲ್ಲಿ ಪೆನ್ನಿದ್ದರೆ ಬರೆದುಕೊಳ್ಳಿ.

ಮೊದಲು 15 ಸೆಂಟಿಮೀಟರಿನ ಒಂದು ಚೌಕದ ತುಂಡು ಹೆಣೆದೆ. ಅದನ್ನು ಒಗೆದು, ಒಣಗಿಸಿ, ಆಮೇಲೆ ನಡುವಿನ 10 ಸೆಂಟಿಮೀಟರ್ ಅಳೆದೆ. ಅಂಚು ಸುರುಳಿಕೊಳ್ಳುತ್ತದೆ, ಅದಕ್ಕೇ ನಡುವೆ ಅಳೆಯುವುದು. 4 ಮಿಲಿಮೀಟರ್ ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂಟಿಮೀಟರಿಗೆ 22 ಕುಣಿಕೆ, 28 ಸಾಲು ಬಂತು. ತಂದೆಯವರ ಎದೆ ಸುತ್ತಳತೆ 95. ಸಡಿಲಕ್ಕೆ 5 ಸೇರಿಸಿದರೆ 100 ಸೆಂಟಿಮೀಟರ್. ಅಂದರೆ 220 ಕುಣಿಕೆ, ಮುಂದೆ 110, ಹಿಂದೆ 110. ಈ ತುಂಡು ಯಾಕೆ, ನೇರವಾಗಿ ಶುರು ಮಾಡಬಾರದಾ ಅಂತ ಬಹಳ ಜನ ಕೇಳುತ್ತಾರೆ. ನೋಡಿ, ಕೈ ಸ್ವಲ್ಪ ಸಡಿಲವಾಗಿ 22ರ ಬದಲು 20 ಕುಣಿಕೆ ಬಂದಿದ್ದರೆ, ಅದೇ 220 ಕುಣಿಕೆಯ ಸ್ವೆಟರ್ 110 ಸೆಂಟಿಮೀಟರ್ ಆಗುತ್ತಿತ್ತು. ಎರಡೇ ಕುಣಿಕೆಯ ವ್ಯತ್ಯಾಸ, ನಾಲ್ಕು ಇಂಚು ಜಾಸ್ತಿ! ಎರಡು ತಿಂಗಳ ಕೆಲಸ ಉಳಿಸುವುದು ಒಂದು ಸಂಜೆಯ ಆ ತುಂಡು.

ಇನ್ನು ದಿನದ ಲೆಕ್ಕ. ಉದ್ದ 62 ಸೆಂಟಿಮೀಟರ್ ಬೇಕು. ಒಂದು ಬದಿಗೆ ಸುಮಾರು 174 ಸಾಲು, ಎರಡೂ ಸೇರಿ 348. ದಿನಕ್ಕೆ ಆರು ಸಾಲು ಹಾಕಿದರೆ 58 ದಿನ. ಕತ್ತಿನ ಪಟ್ಟಿ, ಕಂಕುಳ ಪಟ್ಟಿ, ಹೊಲಿಯುವುದು, ಒಗೆಯುವುದು, ಇದಕ್ಕೆ ಹತ್ತು ದಿನ. ಹಬ್ಬ ಹುಣ್ಣಿಮೆಗೆ, ಕಾಯಿಲೆ ಕಸಾಲೆಗೆ ಹನ್ನೆರಡು ದಿನ. ಒಟ್ಟು 80. ಧನುರ್ಮಾಸ ಹಿಡಿಯುವುದು ಡಿಸೆಂಬರ್ 16ರ ಹೊತ್ತಿಗೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 27. ಚಳಿ ಬಿದ್ದ ಮೇಲೆ ಉಲ್ಲನ್ ತರಲು ಹೊರಟರೆ ಸ್ವೆಟರ್ ಆಗುವುದು ಶಿವರಾತ್ರಿ ಕಳೆದ ಮೇಲೆ, ಅಲ್ವಾ?

ಉಲ್ಲನ್ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಉಂಡೆಯ ಪಟ್ಟಿಯ ಮೇಲೆ ಬಣ್ಣದ ನಂಬರಿನ ಜೊತೆಗೆ ಲಾಟ್ ನಂಬರೂ ಇರುತ್ತದೆ. ಒಂದೇ ಸಲ ಬಣ್ಣ ಹಾಕಿದ ನೂಲಿಗೆ ಒಂದೇ ಲಾಟ್. ಒಮ್ಮೆ ಚಿಕ್ಕಪೇಟೆಯಿಂದ ತಂದ ಮೆರೂನ್ ಉಲ್ಲನ್ ಸಾಲದೇ ಹೋಯಿತು. ಮತ್ತೆ ಹೋಗಿ ಅದೇ ಮೆರೂನ್ ತಂದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ. ಬಿಸಿಲಿಗೆ ಹಿಡಿದಾಗ ಎದೆಯ ಮೇಲೆ ಅಡ್ಡಗೆರೆ ಎಳೆದ ಹಾಗೆ ಕಾಣುತ್ತಿತ್ತು. ಅದನ್ನು ಹಾಕಿಕೊಳ್ಳಲು ಕೊಡುವ ಮನಸ್ಸು ನನಗೆ ಬರಲಿಲ್ಲ. ಒಂದು ಉಂಡೆ ಜಾಸ್ತಿಯೇ ತನ್ನಿ, ಎಲ್ಲವೂ ಒಂದೇ ಲಾಟಿನದು. ಪಟ್ಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ. ಅಮ್ಮನ ಕಾಲದ ಕಡ್ಡಿಗಳಿದ್ದರೆ ಅವುಗಳ ನಂಬರನ್ನೂ ಬರೆಯಿರಿ. ಹಳೆಯ 8 ನಂಬರ್ ಅಂದರೆ ಈಗಿನ 4 ಮಿಲಿಮೀಟರ್, 10 ಅಂದರೆ 3.25. ಹಳೆಯದರಲ್ಲಿ ನಂಬರ್ ಏರಿದ ಹಾಗೆ ಕಡ್ಡಿ ಸಣ್ಣದಾಗುತ್ತದೆ.

ಮದುವೆ ಮುಂಜಿಗಳಲ್ಲಿ ತೆಂಗಿನಕಾಯಿ ಇಟ್ಟು ಕೊಡುವ ತಾಂಬೂಲದ ಬಟ್ಟೆ ಚೀಲಗಳು ಎಲ್ಲರ ಮನೆಯಲ್ಲೂ ರಾಶಿ ಇರುತ್ತವೆ. ಒಂದು ಕೆಲಸಕ್ಕೆ ಒಂದು ಚೀಲ. ಅದರಲ್ಲೇ ಕಡ್ಡಿ, ಉಂಡೆ, ಟೇಪು, ಕತ್ತರಿ, ಒಂದು ಚೀಟಿ. ಎತ್ತಿಕೊಂಡರೆ ಎಲ್ಲವೂ ಒಟ್ಟಿಗೆ ಕೈಗೆ ಬರಬೇಕು. ಕತ್ತರಿ ಹುಡುಕಲು ಎದ್ದವರು ಅಡುಗೆಮನೆಯಲ್ಲಿ ಇನ್ನೊಂದು ಕೆಲಸಕ್ಕೆ ಸಿಕ್ಕಿಹಾಕಿಕೊಳ್ಳುತ್ತಾರೆ. ಸಾಲು ಎಣಿಸಲು ನಾನು ಹುಣಸೆ ಬೀಜ ಇಟ್ಟುಕೊಂಡಿದ್ದೇನೆ. ಸಾಲು ಮುಗಿದ ಹಾಗೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಂದು ಬೀಜ.

ಅಭ್ಯಾಸದ ಮಾತಿಗೆ ಬರೋಣ. ಬಿಡುವಾದಾಗ ಹೆಣೆಯುತ್ತೇನೆ ಅಂದರೆ ಬಿಡುವು ಆಗುವುದೇ ಇಲ್ಲ. ದಿನವೂ ತಪ್ಪದೆ ಮಾಡುವ ಯಾವುದಾದರೂ ಕೆಲಸದ ಬೆನ್ನಿಗೆ ಇದನ್ನು ಕಟ್ಟಿಬಿಡಿ. ನಾನು ಸಂಜೆ ದೀಪ ಹಚ್ಚಿ, ರೇಡಿಯೋ ಹಾಕಿ ಕೂರುತ್ತೇನೆ. ಆರು ಸಾಲಿಗೆ ನನಗೆ ಅರ್ಧ ಗಂಟೆ ಬೇಕು. ಹೊಸಬರು ಎರಡೇ ಸಾಲು ಹಾಕಿ, ಸಾಕು. ಆಯಾಸವಾದ ದಿನವೂ ಎರಡು ಸಾಲು ಭಾರವಾಗುವುದಿಲ್ಲ. ಸಾಲಿನ ನಡುವೆ ಮಾತ್ರ ನಿಲ್ಲಿಸಬೇಡಿ. ಕುಣಿಕೆ ಎಳೆದುಕೊಳ್ಳುತ್ತದೆ, ಯಾವ ಕಡೆಗೆ ಹೋಗುತ್ತಿದ್ದೆವು ಅಂತಲೂ ಮರೆಯುತ್ತದೆ. ಸಾಲು ಮುಗಿಸಿ, ಮುಂದಿನದು ಸೀದಾನೋ ಉಲ್ಟಾನೋ ಅಂತ ಚೀಟಿಯಲ್ಲಿ ಬರೆದು ಎತ್ತಿಡಿ. ಮನಸ್ಸು ಸರಿಯಿಲ್ಲದ ದಿನ ಕೈ ಬಿಗಿಯುತ್ತದೆ, ಕುಣಿಕೆಯೂ ಬಿಗಿಯಾಗುತ್ತದೆ. ಅಂಥ ದಿನಕ್ಕೆ ಬೇರೆ ಚೀಲದಲ್ಲಿ ಒಂದು ಸರಳ ಮಫ್ಲರ್ ಇರಲಿ. ಎರಡು ಚೀಲ ಸಾಕು. ಮೂರನೆಯದು ಶುರುವಾದರೆ ಮೊದಲನೆಯದು ಅಟ್ಟದ ದಾರಿ ಹಿಡಿಯುತ್ತದೆ. ತೋಳಿನ ಸ್ವೆಟರ್ ಹಾಕುವವರು ಒಂದೇ ಕಡ್ಡಿಯ ಮೇಲೆ ಎರಡು ಉಂಡೆಯಿಂದ ಎರಡೂ ತೋಳು ಒಟ್ಟಿಗೆ ಹಾಕಿ. ಒಂಟಿ ತೋಳು ಉಳಿಯುವುದಿಲ್ಲ, ಉದ್ದವೂ ಸಮ ಬರುತ್ತದೆ.

ಟ್ರಂಕಿನ ಐದು ಹೆಣಿಗೆಗಳನ್ನು ಬಿಚ್ಚಿದೆ. ಬಿಚ್ಚಿದ ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಲಡಿ ಕಟ್ಟಿ, ತಣ್ಣೀರಿನಲ್ಲಿ ಅದ್ದಿ ನೇತುಹಾಕಿದರೆ ಸುಕ್ಕು ಬಿಡುತ್ತದೆ. ಕುಲಾವಿಯನ್ನು ಬಿಚ್ಚಲಿಲ್ಲ. ಸಣ್ಣದಾದ್ದರಿಂದ ಕುಣಿಕೆ ನೋಡಿಯೇ ಲೆಕ್ಕ ಸಿಕ್ಕಿತು. ನಾಲ್ಕು ಸಂಜೆಯಲ್ಲಿ ಮುಗಿಸಿ ಪಕ್ಕದ ಮನೆಯ ಮಗುವಿನ ನಾಮಕರಣಕ್ಕೆ ಕೊಟ್ಟೆ.

ತಂದೆಯವರ ಸ್ವೆಟರಿನ ಬೆನ್ನಿನ ಭಾಗ ಆಗಿದೆ. ಮುಂದಿನ ಭಾಗ ನಡೆಯುತ್ತಿದೆ. ಇಲ್ಲಿಗೆ ಬರುವ ಮೊದಲು ಚೀಟಿಯಲ್ಲಿ ಬರೆದಿಟ್ಟು ಬಂದೆ: 42 ಆಯಿತು, ಮುಂದೆ 43, ಸೀದಾ.

ನಮಸ್ಕಾರ.