ಕೆಂಡದಂತೆ ಹೊಳೆದ ಬಿಳಿ ಕಲ್ಲು

ಕೇಳುಗರೇ, ನಮಸ್ಕಾರ.

ಪುಣೆಯಲ್ಲಿರುವ ನಮ್ಮ ಕನ್ನಡದವರಿಗೆ ಕರಿಕಲ್ಲು ಹೊಸದಲ್ಲ. ಸಿಂಹಗಡ ಹತ್ತಿದರೂ ಅದೇ, ಮನೆಗೆ ಪಾಯ ತೋಡಿದರೂ ಅದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಹರಿದ ಲಾವಾ ಆರಿ ಆದ ಕಲ್ಲು ಅದು. ಆರುವಾಗ ಒಳಗೆ ಲಾವಾದ ಅನಿಲದ ಗುಳ್ಳೆಗಳು ಸಿಕ್ಕಿಕೊಂಡವು, ಅಲ್ಲೆಲ್ಲ ಪೊಳ್ಳು ಉಳಿಯಿತು. ಆ ಪೊಳ್ಳಿಗೆ ನೀರು ಇಳಿದು, ನೀರಲ್ಲಿ ಕರಗಿದ್ದು ಮೆಲ್ಲಗೆ ಹರಳುಗಟ್ಟಿತು. ವಾಘೋಲಿ ಕಡೆಯ ಖದಾನುಗಳಲ್ಲಿ, ಅಂದರೆ ಕಲ್ಲುಗಣಿಗಳಲ್ಲಿ, ಬಂಡೆ ಒಡೆದಾಗ ಸಿಗುವುದು ಇಂಥ ಹರಳುಗಳೇ. ಅವುಗಳಲ್ಲಿ ಒಂದು ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿಮೊಟ್ಟೆಯ ಚಿಪ್ಪೂ ಇದೇ. ಅದರ ಮೇಲೆ ನಿಂಬೆರಸ ಬಿಟ್ಟರೆ ಸಣ್ಣಗೆ ನೊರೆ ಏಳುತ್ತದೆ.

ನನ್ನ ಹತ್ತಿರ ಅಂಥ ಎರಡು ತುಂಡುಗಳಿವೆ. ಎರಡೂ ಹಾಲುಬಿಳುಪು, ನೆಲ್ಲಿಕಾಯಿ ಗಾತ್ರ. ಕಳೆದ ಮಳೆಗಾಲದ ಒಂದು ರಾತ್ರಿ ಮನೆಯ ದೀಪವೆಲ್ಲ ಆರಿಸಿ, 254 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ದೀಪ ಹಚ್ಚಿದೆ. ಶೋಕೇಸಿನ ಗಾಜಿನ ಹೊರಗಿಂದ ಹಿಡಿದೆ, ಏನೂ ಆಗಲಿಲ್ಲ. ಈ ಕಿರಣವನ್ನು ಮಾಮೂಲಿ ಗಾಜು ತಡೆದುಬಿಡುತ್ತದೆ. ಕಲ್ಲುಗಳನ್ನು ಹೊರಗೆ ತೆಗೆದಿಟ್ಟು ಹಿಡಿದೆ ನೋಡಿ! ಒಂದು ತುಂಡು ಒಲೆಯ ಕೆಂಡದ ಹಾಗೆ ಕೆಂಪಾಯಿತು. ಮುಟ್ಟಿದರೆ ತಣ್ಣಗಿತ್ತು. ಪಕ್ಕದ್ದು ಸುಮ್ನೆ ಕಪ್ಪಗೆ ಕೂತಿತ್ತು.

ಒಂದೇ ಜಾತಿಯ ಕಲ್ಲಿಗೆ ಯಾಕೆ ಈ ವ್ಯತ್ಯಾಸ? ಅಪ್ಪಟ ಕ್ಯಾಲ್ಸೈಟಿಗೆ ಹೀಗೆ ಕೆಂಪಾಗಲು ಬರುವುದಿಲ್ಲ. ಹರಳು ಬೆಳೆಯುವಾಗ ಕ್ಯಾಲ್ಸಿಯಂ ಕೂರಬೇಕಾದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು ಮ್ಯಾಂಗನೀಸ್ ಬಂದು ಕೂತಿರುತ್ತದೆ. ಜೊತೆಗೆ ಒಂಚೂರು ಸೀಸ ಇದ್ದರೆ ಇನ್ನೂ ಚೆನ್ನ. ಕಣ್ಣಿಗೆ ಕಾಣದ ಕಿರಣವನ್ನು ಸೀಸ ಹೀರಿ, ಆ ಶಕ್ತಿಯನ್ನು ಮ್ಯಾಂಗನೀಸಿಗೆ ದಾಟಿಸುತ್ತದೆ. ಅದರಲ್ಲಿ ಒಂದು ಪಾಲು ಶಾಖವಾಗಿ ಹೋಗುತ್ತದೆ. ಉಳಿದದ್ದು ಕಡಿಮೆ ಶಕ್ತಿಯ ಬೆಳಕಾಗಿ, ಕಿತ್ತಳೆಗೆಂಪಾಗಿ ಹೊರಬರುತ್ತದೆ. ಹಾಗಂತ ಮ್ಯಾಂಗನೀಸ್ ಜಾಸ್ತಿಯಾದರೂ ಹೊಳಪು ಕುಗ್ಗುತ್ತದೆ. ಕಬ್ಬಿಣ ಸೇರಿದರಂತೂ ಬೆಳಕು ನಂದಿಯೇ ಹೋಗಬಹುದು. ನಮ್ಮ ಕರಿಕಲ್ಲಿನಲ್ಲಿ ಕಬ್ಬಿಣಕ್ಕೇನು ಬರ, ಅಲ್ವಾ?

ಹೀಗೆ ಹೊಳೆಯುವುದಕ್ಕೆ 1852ರಲ್ಲಿ ಫ್ಲೋರೆಸೆನ್ಸ್ ಅಂತ ಹೆಸರಿಟ್ಟವರು ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್. ಫ್ಲೋರೈಟ್ ಅನ್ನುವ ಇನ್ನೊಂದು ಖನಿಜದಿಂದ ತೆಗೆದ ಹೆಸರು ಅದು. ಹೀಗೆ ಕೆಂಪಾಗಿ ಹೊಳೆಯುವ ಕ್ಯಾಲ್ಸೈಟಿಗೆ ದೊಡ್ಡ ಹೆಸರು ಮಾಡಿದ್ದು ಅಮೆರಿಕದ ನ್ಯೂಜೆರ್ಸಿಯ ಫ್ರಾಂಕ್ಲಿನ್. ಅಲ್ಲಿ ಕೆಂಪು ಕ್ಯಾಲ್ಸೈಟಿನ ಮಗ್ಗುಲಲ್ಲೇ ವಿಲ್ಲೆಮೈಟ್ ಅನ್ನುವ ಖನಿಜ ಗಿಳಿಹಸಿರಾಗಿ ಹೊಳೆಯುತ್ತದೆ.

ನೀವೂ ನೋಡುವುದಾದರೆ ಒಂದು ಮಾತು. ಈ ದೀಪವನ್ನು ಮಕ್ಕಳ ಕೈಗೆ ಕೊಡಬೇಡಿ. ಅದು ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. ಅತಿನೇರಳೆ ತಡೆಯುವ ಕನ್ನಡಕ ಹಾಕಿಕೊಂಡೇ ನೋಡಿ.

ಕಪ್ಪಗೆ ಕೂತಿದ್ದ ಎರಡನೆಯ ತುಂಡನ್ನು ಅವತ್ತು ಬಿಡಲು ಮನಸ್ಸಾಗಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಕಂಡಿತು. ಹರಳು ಪದರ ಪದರವಾಗಿ ಬೆಳೆಯುತ್ತದೆ. ಆ ಪೊಳ್ಳಿಗೆ ಕಡೆಯಲ್ಲಿ ಇಳಿದ ನೀರು ಮೊದಲಿನದ್ದಾಗಿರಲಿಲ್ಲ, ಬೇರೆಯದೇ ಇತ್ತು.

ನಮಸ್ಕಾರ.